ಈಗ ಸೆವ್ರಿನ್‌ನ ಜಗಳ

ಮೊನ್ನೆ ಮಣಿಪಾಲಕ್ಕೆ ಮೊಣಕಾಲು ತೋರಿಸಲು ಹೋಗಿದ್ದೆ. ಡಾಕ್ಟರು ಇನ್ನೂ ಹುಡುಗ, ಮೀಸೆ ಈಗಷ್ಟೇ ಗಟ್ಟಿಯಾಗುತ್ತಿರುವ ಪ್ರಾಯ. ಎರಡೂ ಮೊಣಕಾಲಿನ ಚಿಪ್ಪಿನ ಮೇಲೆ ಕಪ್ಪಗೆ ದಪ್ಪಗೆ ಕೂತಿರುವ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ಆಂಟಿ, ನೀವು ಮೊದಲು ಎಂತ ಕೆಲಸ ಮಾಡ್ತಾ ಇದ್ದದ್ದು? ನೆಲಕ್ಕೆ ಗಾರೆ ಹಾಕುವ ಕೆಲಸವಾ?"

"ಅಲ್ಲ, ಶಾಲೆಯಲ್ಲಿ ಟೀಚರ್ ಆಗಿದ್ದೆ. ಇದು ತೇರ್ಸ್ ಹೇಳಿ ಆದದ್ದು" ಎಂದೆ.

ತೇರ್ಸ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಜಪಮಾಲೆ ಹಿಡಿದು ಮೊಣಕಾಲೂರಿ ಹೇಳುವ ಪ್ರಾರ್ಥನೆ ಎಂದು ವಿವರಿಸುವಷ್ಟರಲ್ಲಿ ನರ್ಸ್ ಬಂದು ನನ್ನ ಬಿ.ಪಿ. ನೋಡಿ ಹುಬ್ಬೇರಿಸಿದಳು. ಡಾಕ್ಟರು ತಕ್ಷಣ ಮೊಣಕಾಲನ್ನು ಬಿಟ್ಟು ನನ್ನ ಸ್ವಭಾವಕ್ಕೆ ಕೈಹಾಕಿದರು. "ಸಿಟ್ಟು ಜಾಸ್ತಿ ಉಂಟಾ ಆಂಟಿ? ಸಿಟ್ಟು ಒಳ್ಳೆಯದಲ್ಲ. ಬಂದ ಕೂಡಲೇ ಕಣ್ಣು ಮುಚ್ಚಿ, ಉಸಿರು ಒಳಗೆ ತಕೊಳ್ಳಿ, ಬಿಟ್ಟುಬಿಡಿ. ಎಲ್ಲ ಬಿಟ್ಟುಬಿಡಬೇಕು. ಮತ್ತೆ, ಇನ್ನು ಮೊಣಕಾಲೂರುವುದು ಬೇಡ." ಹೀಗೆಂದು ಒಂದು ಬಣ್ಣದ ಕಾಗದವನ್ನೂ ಕೈಗೆ ಕೊಟ್ಟರು. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ವಿಧಾನಗಳು ಎಂಬ ತಲೆಬರಹ, ಅದರ ಮೇಲೊಂದು ಹಲ್ಲು ಕಿರಿಯುವ ಸೂರ್ಯ.

ಕಾರ್ಕಳದ ಬಸ್ಸಿನಲ್ಲಿ ಕೂತ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಬಿಟ್ಟುಬಿಡಬೇಕಂತೆ! ನಮ್ಮ ಮನೆಯಲ್ಲಿ ಯಾರೂ ಏನನ್ನೂ ಬಿಟ್ಟುಬಿಡುತ್ತಿರಲಿಲ್ಲ. ಸಿಟ್ಟಿಗೂ ಅಲ್ಲಿ ಒಂದು ಜಾಗ, ಒಂದು ಹೊತ್ತು, ಕೂರುವ ಒಂದು ಕ್ರಮ ಇತ್ತು. ಅದನ್ನು ಡಾಕ್ಟರಿಗೆ ಹೇಳಲಾಗಲಿಲ್ಲ, ಹೊರಗೆ ಟೋಕನ್ ಹಿಡಿದುಕೊಂಡು ತುಂಬ ಜನ ಕಾಯುತ್ತಿದ್ದರು. ನಿಮಗೆ ಹೇಳುತ್ತೇನೆ, ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ.

ಎಪ್ಪತ್ತರ ದಶಕದ ಕೊನೆಯ ಮಾತು. ಕುಕ್ಕುಂದೂರಿನಲ್ಲಿ ನಮ್ಮದು ಹಂಚಿನ ಮನೆ. ಮುಂದೆ ಗದ್ದೆ, ಹಿಂದೆ ಗೇರುಮರಗಳ ಗುಡ್ಡೆ. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ ಸೆವ್ರಿನ್ ಮತ್ತು ಹೈಸ್ಕೂಲಿಗೆ ಹೋಗುತ್ತಿದ್ದ ನಾನು. ನನ್ನ ಹೆಸರು ಗ್ರೇಸಿ. ಆ ಹೆಸರಿಗೆ ತಕ್ಕ ಗುಣ ನನ್ನಲ್ಲಿ ಏನೂ ಇರಲಿಲ್ಲ ಎಂದು ಅಮ್ಮ ಆಗಾಗ ನೆನಪಿಸುತ್ತಿದ್ದಳು. ನಮ್ಮೆಲ್ಲರ ಮೇಲೆ ಅಪ್ಪನ ತಾಯಿ. ಕೊಂಕಣಿ ಕ್ರಿಸ್ತುವರ ಮನೆಗಳಲ್ಲಿ ಅಜ್ಜಿಯನ್ನು ಕರೆಯುವಂತೆ ಅವಳನ್ನು ನಾವು ವಡ್ಲಿಮಾಯಿ ಎನ್ನುತ್ತಿದ್ದೆವು. ಮನೆಮಾತು ಕೊಂಕಣಿಯೇ, ಇಲ್ಲಿ ನಿಮಗಾಗಿ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸಂಜೆ ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಕೇಳಿದ ಕೂಡಲೇ ಯಾರು ಎಲ್ಲಿದ್ದರೂ ಕೈಕಾಲು ತೊಳೆದು ಆಲ್ತಾರಿನ ಮುಂದೆ ಬರಬೇಕು. ಆಲ್ತಾರೆಂದರೆ ಚಾವಡಿಯ ಗೋಡೆಗೆ ಬಡಿದ ಒಂದು ಹಲಗೆ, ಅದರ ಮೇಲೆ ಶಿಲುಬೆ, ಮರಿಯಮ್ಮನ ಚಿತ್ರ, ಒಂದು ಎಣ್ಣೆದೀಪ. ಸಿಮೆಂಟಿನ ನೆಲದ ಮೇಲೆ ಬರಿ ಮೊಣಕಾಲು ಊರಬೇಕು. ವಡ್ಲಿಮಾಯಿಗೆ ಮಾತ್ರ ನಾಲ್ಕು ಮಡಿಕೆ ಮಾಡಿದ ಒಂದು ಗೋಣಿ ಇತ್ತು. ಅದನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಜ್ವರ ಬಂದಾಗ ಒಮ್ಮೆ ನಾನು ಕೇಳಿದ್ದಕ್ಕೆ, "ನನ್ನ ಪ್ರಾಯ ಆಗಲಿ, ನಿನಗೂ ಗೋಣಿ ಬರ್ತದೆ" ಎಂದಿದ್ದಳು. ಒಬ್ಬರು ಪ್ರಾರ್ಥನೆಯ ಮೊದಲ ಅರ್ಧ ಹೇಳುವುದು, ಉಳಿದವರು ಎರಡನೆಯ ಅರ್ಧ ಹೇಳಿ ಉತ್ತರ ಕೊಡುವುದು. ಹೀಗೆ ಮಣಿಯಿಂದ ಮಣಿಗೆ. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿಯೂ ಸುಟ್ಟ ಒಣಮೀನೂ ಕಾಯುತ್ತಿರುವಾಗ ಸ್ವರ್ಗದ ವಿಚಾರ ಎಷ್ಟು ನಿಧಾನವಾಗಿ ಸಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು.

ನಿಜವಾದ ಕಷ್ಟ ತೇರ್ಸ್ ಅಲ್ಲ, ತೇರ್ಸಿನ ಬಾಲ. ಮಣಿಗಳೆಲ್ಲ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ "ಆಮ್ಚ್ಯಾ ಬಾಪಾ", ಅಂದರೆ ಪರಲೋಕದ ತಂದೆಗೆ ಮಾಡುವ ಪ್ರಾರ್ಥನೆಯನ್ನು, ಸೇರಿಸಬಹುದಿತ್ತು. ಸತ್ತವರಿಗೆ ಒಂದು, ಕಾಯಿಲೆಯವರಿಗೆ ಒಂದು, ಬೊಂಬಾಯಿಯಲ್ಲಿರುವ ಚಿಕ್ಕಪ್ಪನ ನೌಕರಿಗೆ ಒಂದು, ಗಬ್ಬದ ದನಕ್ಕೆ ಒಂದು. ಇಲ್ಲಿಯವರೆಗೆ ಸರಿ. ಆದರೆ ಬರಬರುತ್ತ ಮನೆಯವರು ಈ ಬಾಲದಲ್ಲಿ ಬೈಗುಳ ಕಟ್ಟಲು ಕಲಿತರು. ಅಮ್ಮ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡು, "ಬಾವಿಯ ಹಗ್ಗವನ್ನು ನೆಲದಲ್ಲಿ ಬಿಸಾಡುವವರಿಗೆ ದೇವರು ಬುದ್ಧಿ ಕೊಡಲಿ ಅಂತ ಒಂದು ಆಮ್ಚ್ಯಾ ಬಾಪಾ" ಎನ್ನುತ್ತಿದ್ದಳು. ಹಗ್ಗ ಬಿಸಾಡಿದವಳು ನಾನು. ಅಪ್ಪ ನನ್ನ ಗಣಿತದ ಅಂಕಗಳಿಗಾಗಿ ಒಂದು ಸೇರಿಸುತ್ತಿದ್ದ. ಪ್ರಾರ್ಥನೆಯ ನಡುವೆ ಎದುರುತ್ತರ ಕೊಡುವ ಹಾಗಿಲ್ಲವಲ್ಲ! ನನ್ನ ಮೇಲೆ ಹೊರಿಸಿದ ಆರೋಪಕ್ಕೆ ನಾನೇ ಎರಡನೆಯ ಅರ್ಧ ಹೇಳಿ ಆಮೆನ್ ಅನ್ನಬೇಕು. ಇಂಥ ಅನ್ಯಾಯ ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ.

ಹೀಗಿರುವಾಗ ಸೆವ್ರಿನಕ್ಕನಿಗೆ ಒಂದು ಸಂಬಂಧ ಬಂತು. ತಂದವಳು ಅಮ್ಮನ ತಂಗಿ, ಕಾಪುವಿನ ಕಾರ್ಮಿನ್ ಮಾವಶಿ. ಹುಡುಗ ಅವಳದೇ ಇಗರ್ಜಿಯವನು, ದುಬೈಯಲ್ಲಿ ಕೆಲಸ. ರಜೆಯಲ್ಲಿ ಬಂದು ನೋಡಿ ಒಪ್ಪಿ, ಮದುವೆಗೆ ಬರುತ್ತೇನೆಂದು ಹೇಳಿ ಹೋದ. ಸೆವ್ರಿನಕ್ಕ ಮನೆಯಲ್ಲೇ ಮಿಶನಿನಲ್ಲಿ ರವಕೆ ಹೊಲಿಯುತ್ತಿದ್ದವಳು, ಮಾತು ಕಡಿಮೆ. ಆ ದಿನಗಳಲ್ಲಿ ಮಿಶನ್ ತುಳಿಯುತ್ತ ಹಾಡತೊಡಗಿದಳು. ಉಡುಪಿಗೆ ಹೋಗಿ ಮದುವೆಯ ಕೆಂಪು ಸೀರೆ ತಂದೆವು, ಜೊತೆಗೆ ಮದುವೆಯ ಮರುದಿನ ಉಡಲು ಒಂದು ನೀಲಿ ಸೀರೆ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಇಗರ್ಜಿಯಲ್ಲಿ ಪೂಜೆಯ ಕೊನೆಗೆ ಪಾದ್ರಿಗಳು ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಇಂಥವನಿಗೂ ಇಂಥವಳಿಗೂ ಮದುವೆ, ಅಡ್ಡಿ ಏನಾದರೂ ಗೊತ್ತಿದ್ದವರು ತಿಳಿಸಬೇಕು ಎಂದು. ಮೊದಲನೆಯ ಭಾನುವಾರ ಓದಿದರು. ಎರಡನೆಯ ಭಾನುವಾರ ಓದಿದರು. ಆ ವಾರ ಕಾರ್ಮಿನ್ ಮಾವಶಿ ಕಾಪುವಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದು, ಬೆವರು ಒರೆಸಿಕೊಳ್ಳುತ್ತ ಹೇಳಿದಳು: "ಹುಡುಗನ ಮನಸ್ಸು ತಿರುಗಿದೆಯಂತೆ. ಅಲ್ಲೇ ಒಬ್ಬಳು ನರ್ಸ್ ಸಿಕ್ಕಿದ್ದಾಳಂತೆ. ಎಂತ ಮಾಡುವುದು, ದೇವರ ಚಿತ್ತ."

ನೀವೇ ಹೇಳಿ, ಕುಕ್ಕುಂದೂರಿನ ಒಬ್ಬ ಹುಡುಗಿಯ ಮದುವೆ ಮುರಿಯಲೆಂದೇ ದೇವರು ದುಬೈಗೆ ಒಬ್ಬ ನರ್ಸನ್ನು ಕಳಿಸಿಕೊಡುತ್ತಾನೆಯೆ? ಅವನಿಗೆ ಬೇರೆ ಕೆಲಸವಿಲ್ಲವೆ? ಹುಡುಗನ ಹೇಡಿತನಕ್ಕೆ ದೇವರ ಹೆಸರಿಡುವುದನ್ನು ನಾನು ಮೊದಲು ಕಂಡದ್ದು ಆ ದಿನ. ಇಂದಿಗೂ ಆ ಎರಡು ಶಬ್ದ ಕೇಳಿದರೆ ನನ್ನ ಬಿ.ಪಿ. ಏರುತ್ತದೆ.

ಮೂರನೆಯ ಭಾನುವಾರ ಅಕ್ಕ ಇಗರ್ಜಿಗೆ ಬರಲಿಲ್ಲ. ನಾವು ಹೋದೆವು. ಪೂಜೆಯ ಕೊನೆಗೆ ಪಾದ್ರಿಗಳು ಬೇರೊಂದು ಜೋಡಿಯ ಹೆಸರು ಓದಿ ಒಂದು ಕ್ಷಣ ನಿಂತರು. ಇಡೀ ಇಗರ್ಜಿ ಕಿವಿ ನೆಟ್ಟಗೆ ಮಾಡಿಕೊಂಡು ನಮ್ಮ ಹೆಸರಿಗೆ ಕಾಯಿತು. ಪಾದ್ರಿಗಳು ಗಂಟಲು ಸರಿಮಾಡಿಕೊಂಡು ಓದಿದ್ದು ಕಳೆದುಹೋದ ಒಂದು ಕೊಡೆಯ ಪ್ರಕಟಣೆ. ಮರದ ಹಿಡಿಯ ಕರಿ ಕೊಡೆ, ಸಿಕ್ಕಿದವರು ದಯವಿಟ್ಟು ತಂದುಕೊಡಬೇಕು. ತಲೆಗಳೆಲ್ಲ ನಮ್ಮ ಬೆಂಚಿನ ಕಡೆ ತಿರುಗಿದವು. ಅಮ್ಮ ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

ಅಂದಿನಿಂದ ಮಿಶನಿನ ಸದ್ದು ನಿಂತಿತು. ಅಕ್ಕ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಎರಡು ಸಲ ಕೈ ಬಾಯಿಗೆ ಹೋಗುತ್ತಿತ್ತು, ಎದ್ದು ಹೋಗುತ್ತಿದ್ದಳು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ತೇರ್ಸಿಗೆ ಬಂದು ಮೊಣಕಾಲೂರಿದರೂ ತುಟಿ ಅಲುಗಿಸುತ್ತಿರಲಿಲ್ಲ. ಇವಳು ನಮ್ಮ ಕೈ ಬಿಟ್ಟು ಹೋಗುತ್ತಾಳೆಂದು ನನಗೆ ಹೆದರಿಕೆಯಾಗಿತ್ತು. ಆ ಹೆದರಿಕೆಯನ್ನು ನಾನು ಕಂಡಕಂಡವರ ಮೇಲೆ ಹರಿಹಾಯ್ದು ತೀರಿಸಿಕೊಳ್ಳುತ್ತಿದ್ದೆ.

ಹರಿಹಾಯಲು ಜನಕ್ಕೇನೂ ಬರವಿರಲಿಲ್ಲ. ಸಮಾಧಾನ ಹೇಳಲು ಬಂದವರು ನಮ್ಮ ಚಾವಡಿಯಲ್ಲಿ ಕೂತು, ನಮ್ಮ ಹಲಸಿನ ಹಣ್ಣಿನ ಗಟ್ಟಿ ತಿಂದು, "ಎಲ್ಲ ಒಳ್ಳೆಯದಕ್ಕೇ" ಎನ್ನುತ್ತಿದ್ದರು. "ಇದನ್ನು ಯೇಸುವಿಗೆ ಒಪ್ಪಿಸಿಬಿಡು ಮಗಾ, ನಗುನಗುತ್ತ ಇರು" ಎಂದು ಒಳಕೋಣೆಯ ಬಾಗಿಲಿಗೆ ಕೇಳುವಂತೆ ಹೇಳುತ್ತಿದ್ದರು. ನಿಜವಾದ ಸಾಂತ್ವನ ಕೊಟ್ಟವನು ಸೈಕಲಿನಲ್ಲಿ ಮೀನು ತರುತ್ತಿದ್ದ ಅದ್ರಾಮ ಬ್ಯಾರಿ ಒಬ್ಬನೇ. ಸುದ್ದಿ ಕೇಳಿ, "ಆ ಹುಡುಗನಿಗೆ ಮರ್ಯಾದೆ ಉಂಟಾ ಬಾಯಮ್ಮ? ನಾಚಿಕೆ ಇಲ್ಲದವ!" ಎಂದು ಕ್ಯಾಕರಿಸಿ ಉಗಿದು, ಅಮ್ಮ ತೆಗೆದುಕೊಂಡದ್ದರ ಮೇಲೆ ಎರಡು ದಪ್ಪ ಬಂಗುಡೆ ಜಾಸ್ತಿ ಹಾಕಿ ಹೋದ. ಆ ಉಗುಳಿನಲ್ಲಿ ಎಷ್ಟು ಪ್ರೀತಿಯಿತ್ತೆಂದು ನಾನು ಹೇಗೆ ಬರೆಯಲಿ?

ಮಳೆ ಶುರುವಾಗುವ ಮೊದಲು ಕಾರ್ಮಿನ್ ಮಾವಶಿ ಪುನಃ ಬಂದಳು. ಕೊನೆಯ ಬಸ್ಸು ತಪ್ಪಿ ಉಳಿದುಕೊಂಡಳು. ಸಂಜೆ ನಮ್ಮೊಂದಿಗೆ ತೇರ್ಸಿಗೆ ಮೊಣಕಾಲೂರಿದಳು. ಮಣಿಗಳು ಮುಗಿದು ಬಾಲ ಶುರುವಾಯಿತು. ಸತ್ತವರು ಆದರು, ಕಾಯಿಲೆಯವರು ಆದರು. ಆಗ ಮಾವಶಿ ಕಣ್ಣು ಮುಚ್ಚಿ, ಸ್ವರ ಎಳೆದು ಹೇಳಿದಳು: "ನಮ್ಮ ಸೆವ್ರಿನ್‌ಗೆ ದೇವರು ಸಹನೆ ಕೊಡಲಿ, ದೇವರ ಚಿತ್ತವನ್ನು ಒಪ್ಪಿಕೊಳ್ಳುವ ಬುದ್ಧಿ ಕೊಡಲಿ, ಮನೆಯವರಿಗೆ ಬೇಸರ ಮಾಡದ ಹಾಗೆ ಇರಲಿ ಅಂತ ಒಂದು ಆಮ್ಚ್ಯಾ ಬಾಪಾ."

ನನ್ನ ಮೈ ಉರಿಯಿತು. ಹಗ್ಗದ ವಿಚಾರಕ್ಕೆ ಬುದ್ಧಿ ಹೇಳುವುದು ಬೇರೆ. ಎದೆ ಒಡೆದವಳಿಗೆ ದೇವರ ಮರೆಯಲ್ಲಿ ನಿಂತು ಬುದ್ಧಿ ಹೇಳುವುದು ಬೇರೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಬೇರೊಂದು ಬಾಯಿ ತೆರೆದಿತ್ತು.

"ನನಗೆ ಸಹನೆ ಬೇಡ!"

ಅಕ್ಕ. ವಾರಗಟ್ಟಲೆ ಮಾತಿಲ್ಲದವಳು. ಅವಳು ಮಾವಶಿಯ ಕಡೆ ನೋಡಲಿಲ್ಲ, ನೆಟ್ಟಗೆ ಶಿಲುಬೆಯನ್ನೇ ನೋಡುತ್ತಿದ್ದಳು. "ಈ ಸಂಬಂಧ ಕೊಡು ಅಂತ ನಾನು ನಿನ್ನ ಹತ್ತಿರ ಕೇಳಿದ್ದೆನಾ? ಎರಡು ಭಾನುವಾರ ನಿನ್ನ ಮನೆಯಲ್ಲೇ ನನ್ನ ಹೆಸರು ಕೂಗಿಸಿದೆಯಲ್ಲ, ಮೂರನೇ ಭಾನುವಾರ ನೀನು ಎಲ್ಲಿಗೆ ಹೋಗಿದ್ದೆ? ನಿನ್ನ ಅಮ್ಮ ಮರಿಯಮ್ಮನನ್ನು ಮದುವೆಗೆ ಮೊದಲೇ ಜುಜೆ ಬಿಟ್ಟುಬಿಡ್ಲಿಕ್ಕೆ ಹೊರಟಾಗ ಅವನ ಕನಸಿಗೆ ದೂತನನ್ನು ಕಳಿಸಿದೆ. ದುಬೈಗೆ ಕಳಿಸ್ಲಿಕ್ಕೆ ನಿನಗೆ ಒಬ್ಬ ದೂತ ಸಿಗಲಿಲ್ವಾ?"

"ಜೆಜು, ಮರಿ, ಜುಜೆ!" ಎಂದು ಮಾವಶಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ದೇವರ ಎದುರು ಹೀಗೆ ಮಾತಾಡುವುದಾ? ಪಾಪ ಬರ್ತದೆ ಮಾರಾಯ್ತಿ!"

ವಡ್ಲಿಮಾಯಿ ಜಪಮಾಲೆಯನ್ನು ನಿಧಾನವಾಗಿ ಮಡಿಲಿಗಿಟ್ಟಳು. "ದೇವರ ಎದುರು ಅಲ್ಲದೆ ಮತ್ತೆ ಯಾರ ಎದುರು ಮಾತಾಡುವುದು? ನಿನ್ನ ಎದುರಾ ಕಾರ್ಮಿನ್? ನೀನು ಎಂತ ಮಾಡಿಕೊಡ್ತಿ?"

ಅಕ್ಕ ಅಷ್ಟರಲ್ಲಿ ಗೋಡೆ ಹಿಡಿದು ಏಳತೊಡಗಿದ್ದಳು, ಒಳಕೋಣೆಗೆ ಓಡಲು. ವಡ್ಲಿಮಾಯಿ ಅವಳ ಸೀರೆಯ ಸೆರಗು ಹಿಡಿದಳು.

"ಏಳಬೇಡ. ಎಂತ ಬೇಕಾದರೂ ಹೇಳು, ಎದ್ದು ಮಾತ್ರ ಹೋಗಬೇಡ. ಶಿಲುಬೆಯ ಮೇಲಿಂದ ಅವನೂ ತನ್ನ ಅಪ್ಪನ ಹತ್ತಿರ, ಯಾಕೆ ನನ್ನ ಕೈ ಬಿಟ್ಟೆ ಅಂತ ಕೇಳಿದವನೇ. ಅವನಿಗೆ ಇದು ಗೊತ್ತುಂಟು."

ಹೀಗೆ ಹೇಳಿ ಅವಳು ಮಾಡಿದ್ದನ್ನು ನೋಡಿ ಅಪ್ಪ ಕೂಡ ತಲೆ ಎತ್ತಿದ. ತನ್ನ ಮೊಣಕಾಲಿನ ಕೆಳಗಿದ್ದ ಗೋಣಿಯನ್ನು ಎಳೆದು ತೆಗೆದು ಅಕ್ಕನ ಮೊಣಕಾಲಿನ ಕೆಳಗೆ ತಳ್ಳಿದಳು. ತಾನು ಬರಿ ನೆಲದ ಮೇಲೆ, ಆ ಮುದಿ ಮೂಳೆಗಳನ್ನು ಊರಿಕೊಂಡು ಕೂತಳು.

ಅಕ್ಕ ಹೇಳಿದಳು. ಅತ್ತಳು, ಬೈದಳು, ಪುನಃ ಅತ್ತಳು. ಹುಡುಗನನ್ನು, ಅವನ ಮನೆಯವರನ್ನು, ಕೊಡೆ ಕಳೆದುಕೊಂಡವನನ್ನು, ಗಟ್ಟಿ ತಿಂದು ಹೋದವರನ್ನು, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿನವನನ್ನು. ಯಾರೂ ಅವಳನ್ನು ತಡೆಯಲಿಲ್ಲ, ಯಾರೂ ಬೆನ್ನು ಸವರಲಿಲ್ಲ. ಸ್ವರ ಇಳಿದಾಗ ವಡ್ಲಿಮಾಯಿ ಕೇಳಿದಳು: "ಆಯ್ತಾ?"

"ಇಲ್ಲ."

"ಹಾಗಾದರೆ ಹೇಳು."

ಇನ್ನಷ್ಟು ಹೇಳಿದಳು. "ಆಯ್ತಾ?"

"ಇವತ್ತಿಗೆ ಆಯ್ತು."

"ಆಮೆನ್" ಎಂದಳು ವಡ್ಲಿಮಾಯಿ, ಇಗರ್ಜಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ. ನಾವೂ ಹೇಳಿದೆವು.

ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರೆಲ್ಲರ ಹತ್ತಿರ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡಬೇಕು. ಎಂಥ ಜಗಳವಿದ್ದರೂ ಇದನ್ನು ತಪ್ಪಿಸುವ ಹಾಗಿಲ್ಲ, ತಪ್ಪಿಸಿದರೆ ಗಂಜಿ ಇಲ್ಲ. ಊದಿದ ಕಣ್ಣಿನಲ್ಲಿ ಅಕ್ಕ ಮಾವಶಿಯ ಮುಂದೆಯೂ ಹೋಗಿ ನಿಂತಳು. ಆಶೀರ್ವಾದಕ್ಕೆ ಕೈ ಎತ್ತಿದ ಮಾವಶಿಯ ಬಾಯಿಂದ ದೇವರ ಚಿತ್ತ ಹೊರಡಲಿಲ್ಲ, ಅಳು ಹೊರಟಿತು. ನನಗೇನೂ ಕನಿಕರ ಬರಲಿಲ್ಲ. ಆದರೆ ಆ ದಿನ ಅಕ್ಕ ಬಟ್ಟಲಿನ ಗಂಜಿ ಪೂರ್ತಿ ಉಂಡಳು.

ಮರುದಿನ ಸಂಜೆ ಬಾಲದ ಹೊತ್ತಿಗೆ, ದನದ ಆಮ್ಚ್ಯಾ ಬಾಪಾ ಆದ ಮೇಲೆ, ವಡ್ಲಿಮಾಯಿ ಏನೂ ವಿಶೇಷವಿಲ್ಲದವಳಂತೆ ಹೇಳಿದಳು: "ಈಗ ಸೆವ್ರಿನ್‌ನ ಜಗಳ." ಗೋಣಿಯನ್ನು ಆ ಕಡೆ ತಳ್ಳಿದಳು. ಅಕ್ಕ ಅದರ ಮೇಲೆ ಮೊಣಕಾಲೂರಿ ಶುರುಮಾಡಿದಳು. ಹೀಗೆ ನಮ್ಮ ಮನೆಯ ತೇರ್ಸಿನಲ್ಲಿ ಅದಕ್ಕೊಂದು ಕಾಯಂ ಜಾಗವಾಯಿತು. ಮಳೆಗಾಲವೆಲ್ಲ ನಡೆಯಿತು. ಕೆಲವು ದಿನ ಉದ್ದವಾಗಿ, ಕೆಲವು ದಿನ ಬರೀ ಅಳು. ಒಂದು ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಮಿಶನಿನ ಸದ್ದು ಕೇಳಿತು. ಒಂದು ಭಾನುವಾರ ಅವಳು ಉಡುಪಿಯಿಂದ ತಂದ ಆ ನೀಲಿ ಸೀರೆಯನ್ನೇ ಉಟ್ಟು, ಇಗರ್ಜಿಯ ನಡುವಿನ ದಾರಿಯಲ್ಲಿ ನಡೆದುಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ತಿರುಗಿ ನೋಡಿದವರನ್ನು ಹಿಂದೆ ಕೂತ ನಾನು ಒಬ್ಬೊಬ್ಬರನ್ನಾಗಿ ದುರುಗುಟ್ಟಿ ನೋಡಿದೆ. ಪೂಜೆಯಲ್ಲಿ ನಾನು ಅಷ್ಟು ಗಮನವಿಟ್ಟು ಕೂತದ್ದು ಅದೇ ಮೊದಲು.

ಜಗಳ ಕ್ರಮೇಣ ಸಣ್ಣದಾಯಿತು. ಗದ್ದೆಯ ಪೈರು ಹಳದಿಯಾಗುವ ಹೊತ್ತಿಗೆ, "ನೆನಪುಂಟಲ್ಲ ನಿನಗೆ?" ಎಂದು ಶಿಲುಬೆಗೆ ಕೇಳಿ ಅಷ್ಟಕ್ಕೇ ನಿಲ್ಲಿಸುತ್ತಿದ್ದಳು. ಆಮೇಲೆ ಒಂದು ಸಂಜೆ ವಡ್ಲಿಮಾಯಿ ಎಂದಿನಂತೆ, "ಈಗ ಸೆವ್ರಿನ್‌ನ ಜಗಳ" ಎಂದಳು. ಅಕ್ಕ ಯೋಚಿಸಿದಳು. "ಇವತ್ತು ಎಂತದೂ ಇಲ್ಲ" ಎಂದಳು.

ನನಗೆ ತಡೆಯಲಾಗಲಿಲ್ಲ. ಎಂತದೂ ಇಲ್ಲವೆಂದರೆ ಹೇಗೆ? ಆ ಹುಡುಗ ದುಬೈಯಲ್ಲಿ ಆರಾಮವಾಗಿದ್ದಾನೆ, ಊರಿನವರು ಆರಾಮವಾಗಿದ್ದಾರೆ! "ನನಗುಂಟು!" ಎಂದು ಕೂಗಿದೆ.

ಅಮ್ಮ ನನ್ನ ಕಡೆ ಕಣ್ಣು ಬಿಟ್ಟಳು. ವಡ್ಲಿಮಾಯಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ಹಾಗಾದರೆ ಈಗ ಗ್ರೇಸಿಯ ಜಗಳ" ಎಂದಳು. ನನಗೆ ಗೋಣಿ ಕೊಡಲಿಲ್ಲ. ಅಂದಿನಿಂದ ಆ ಜಾಗ ನನ್ನದಾಯಿತು. ನನ್ನ ಜಗಳಕ್ಕೆ ಕಾರಣಗಳು ಎಂದೂ ಮುಗಿಯಲಿಲ್ಲ. ಗಂಜಿ ತಣಿಯುತ್ತದೆಂದು ಅಪ್ಪ ಕೆಮ್ಮುತ್ತಿದ್ದ. ಡಾಕ್ಟರು ಬೆರಳಿನಿಂದ ಒತ್ತಿ ನೋಡಿದ್ದು ಆ ವರ್ಷಗಳನ್ನೇ.

ಈ ಕತೆ ಹೇಳಿದಾಗಲೆಲ್ಲ ಕೇಳುವವರು ಕೇಳುವುದು ಒಂದೇ: ಆಮೇಲೆ ಅಕ್ಕನಿಗೆ ಮದುವೆ ಆಯ್ತಾ? ಆಯಿತು ಮಾರಾಯರೇ, ಸಂತೆಕಟ್ಟೆಯ ಹತ್ತಿರ ಕೊಟ್ಟದ್ದು, ಭಾವ ಒಳ್ಳೆಯ ಮನುಷ್ಯ. ಆದರೆ ಅವಳು ಎದ್ದು ನಿಂತದ್ದು ಅದರಿಂದ ಅಲ್ಲ. ಎದ್ದು ನಿಂತದ್ದು ಮೊದಲು, ಮದುವೆ ಆಮೇಲೆ. ಹೆಣ್ಣೊಬ್ಬಳು ನೆಟ್ಟಗಾದಳು ಎನ್ನಲು ನಮ್ಮವರಿಗೆ ಯಾವಾಗಲೂ ಒಂದು ಮದುವೆಯ ಊಟವೇ ಸಾಕ್ಷಿಗೆ ಬೇಕು.

ಎಂಬತ್ತರ ದಶಕದ ನಡುವೆ ವಡ್ಲಿಮಾಯಿ ಹೋದಳು. ನಾನಾಗ ಹೊಸದಾಗಿ ಟೀಚರ್ ಆಗಿದ್ದೆ. ಮಣ್ಣು ಮಾಡಿ ಬಂದ ಸಂಜೆ ಇಗರ್ಜಿಯ ಗಂಟೆ ಆಯಿತು. ಸಂತೆಕಟ್ಟೆಯಿಂದ ಬಂದಿದ್ದ ಅಕ್ಕ ದೀಪ ಹಚ್ಚಿದಳು, ಅವಳೇ ತೇರ್ಸ್ ಹೇಳಿಸಿದಳು. ಗೋಣಿ ಗೋಡೆಗೆ ಒರಗಿಕೊಂಡು ನಿಂತಿತ್ತು, ಯಾರೂ ಅದನ್ನು ಮುಟ್ಟಲಿಲ್ಲ. ಮಣಿಗಳು ಮುಗಿದವು. ಸತ್ತವರಿಗಾಗಿ ಹೇಳುವ ಆಮ್ಚ್ಯಾ ಬಾಪಾದಲ್ಲಿ ವಡ್ಲಿಮಾಯಿಯ ಹೆಸರು ಮೊದಲ ಬಾರಿಗೆ ಬಂತು. ಆಮೇಲೆ ಅಕ್ಕ, ವಡ್ಲಿಮಾಯಿಯ ಅದೇ ಸ್ವರದಲ್ಲಿ ಹೇಳಿದಳು: "ಈಗ ಗ್ರೇಸಿಯ ಜಗಳ."

ವರ್ಷಗಟ್ಟಲೆ ದಿನಕ್ಕೊಂದು ಕಾರಣ ಹುಡುಕಿ ಬೈದವಳಿಗೆ, ನಿಜವಾದ ಕಾರಣ ಸಿಕ್ಕಿದ ದಿನ ಒಂದು ಶಬ್ದವೂ ಹೊರಡಲಿಲ್ಲ. ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. ಅಪ್ಪ ಕೆಮ್ಮಲಿಲ್ಲ. ಎಲ್ಲರೂ ಮೊಣಕಾಲೂರಿಕೊಂಡು ನನ್ನ ಮಾತಿಗೆ ಕಾದರು. ನೆಲ ಬಹಳ ತಂಪಾಗಿತ್ತು.

"ಕರೆದುಕೊಂಡದ್ದು ಆಯ್ತಲ್ಲ" ಎಂದೆ ಕೊನೆಗೆ, ಶಿಲುಬೆಯ ಕಡೆ ನೋಡಿ. "ಅವಳ ಮೊಣಕಾಲಿನ ಕೆಳಗೆ ಹಾಕ್ಲಿಕ್ಕೆ ಅಲ್ಲಿ ಒಂದು ಗೋಣಿ ಕೊಡು. ಕೊಡದಿದ್ದರೆ ನಾಳೆ ಪುನಃ ಬರ್ತೇನೆ."

"ಆಯ್ತಾ?" ಎಂದು ಅಕ್ಕ ಕೇಳಿದಳು.

"ಇವತ್ತಿಗೆ ಆಯ್ತು."

"ಆಮೆನ್" ಎಂದಳು ಸೆವ್ರಿನಕ್ಕ, ಗಟ್ಟಿಯಾಗಿ.